ಅಳಿಸಿದ ಹದಿಮೂರು ವಾರ

“ಸ್ವಲ್ಪ ಹಿಂದೆ ಕೂತ್ಕೋತೀರಾ, ಹಿಲ್ಡಾ ಆಂಟಿ?” ಎಂದು ಗಿಲಿಯನ್ ಬಗ್ಗಿ ಕೇಳಿದಾಗ ಹಿಲ್ಡಾ ಪ್ರೌಟ್ ಚಿತಾಗಾರದ ಪ್ರಾರ್ಥನಾ ಮಂದಿರದಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಒದ್ದೆ ಕೈಗವಸನ್ನು ಬೆರಳಿಂದ ಬೆರಳಿಗೆ ಬಿಡಿಸಿಕೊಳ್ಳುತ್ತಿದ್ದಳು. ಬಿಡಿಸಿದ್ದ ಎರಡು ಬೆರಳುಗಳನ್ನು ಮತ್ತೆ ಒಳಗೆ ತೂರಿಸಿಕೊಂಡಳು.

“ವಿಲ್ಫ್ ಅಂಕಲ್ ಬರ್ತಿದಾರೆ. ಅಪ್ಪನ ಬಗ್ಗೆ ಮಾತಾಡೋರು ಅವರೇ. ಎದುರಿಗೇ ನೀವಿದ್ರೆ... ನಿಮಗೇ ಗೊತ್ತಲ್ಲ.”

“ಗೊತ್ತಮ್ಮ. ಆ ಕಂಬದ ಹತ್ರ ಕೂರ್ತೀನಿ. ಅಲ್ಲಾದ್ರೆ ಮಂಡಿ ಚಾಚೋಕೆ ಜಾಗ ಇದೆ.”

“ಬೇಜಾರಿಲ್ಲ ತಾನೆ?”

“ನಿಮ್ಮಪ್ಪನ ಹೂವು ಜಾರ್ತಿದೆ ನೋಡು, ಮೊದಲು ಅದನ್ನ ಸರಿಮಾಡು.”

ಗಿಲಿಯನ್ ಶವಪೆಟ್ಟಿಗೆಯ ಮೇಲಿನ ಹೂಗುಚ್ಛವನ್ನು ಮೇಲಕ್ಕೆ ಸರಿಸಿದಳು. ಹಿಲ್ಡಾ ಕೈಚೀಲ, ಛತ್ರಿ ಎತ್ತಿಕೊಂಡು ಹಿಂದಕ್ಕೆ ನಡೆದಳು. ಪೆಟ್ಟಿಗೆಯಲ್ಲಿದ್ದವನು ಗಿಲಿಯನ್ನಳ ತಂದೆ ನಾರ್ಮನ್ ಆಶ್‌ವರ್ತ್. ಮೂವತ್ತು ವರ್ಷ ಟೆಲಿವಿಷನ್ನಿಗೆ ಹಾಸ್ಯ ಸರಣಿಗಳನ್ನು ನಿರ್ಮಿಸಿದವನು. ಅದರಲ್ಲಿ ಹತ್ತೊಂಬತ್ತು ವರ್ಷ ಹಿಲ್ಡಾ ಅವನ ಸಹಾಯಕಿ. ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಣ ನಡೆಯುವ ದಿನ, ಗಾಜಿನ ಹಿಂದಿನ ಕೋಣೆಯಲ್ಲಿ ಗಡಿಯಾರ ಹಿಡಿದು ಯಾವ ಮಾತಿಗೆ ಜನ ಎಷ್ಟು ಸೆಕೆಂಡು ನಕ್ಕರು ಎಂದು ಬರೆದುಕೊಳ್ಳುವುದು ಅವಳ ಕೆಲಸ.

ಆದರೆ ಆ ವಲಯದಲ್ಲಿ ಅವಳನ್ನು ಜನ ನೆನೆಯುತ್ತಿದ್ದುದು ಅದಕ್ಕಲ್ಲ. ‘ಸೋಮವಾರದ ಬಟ್ಟೆ’ ಎಂಬ ಸರಣಿಯ ಹದಿಮೂರು ಟೇಪುಗಳನ್ನು ಅಳಿಸಿಹಾಕಿದ ಹುಡುಗಿ ಅವಳು. ಒಂದು ಲಾಂಡ್ರಿ ಅಂಗಡಿಯ ಕತೆ ಅದು. ವಿಲ್ಫ್ ಟ್ಯಾನ್ಸಿ ಮತ್ತು ಅವನ ಹೆಂಡತಿ ಸಿಸಿ ಅದರಲ್ಲಿ ಗಂಡ ಹೆಂಡತಿಯಾಗಿಯೇ ನಟಿಸಿದ್ದರು. ಸಿಸಿ ನಲವತ್ತಮೂರನೇ ವಯಸ್ಸಿಗೆ ತೀರಿಕೊಂಡಳು. ಅವಳ ಮುಖ, ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಅಳಿಸಿದ್ದು ಹಿಲ್ಡಾ ಅಲ್ಲ. ಅದು ಗೊತ್ತಿದ್ದ ಇನ್ನೊಬ್ಬನೇ ಒಬ್ಬ ಈಗ ಹೂವಿನ ಕೆಳಗೆ ಮಲಗಿದ್ದ.

*

ಹನ್ನೆರಡು ದಿನದ ಹಿಂದೆ ಆಸ್ಪತ್ರೆಯಲ್ಲಿ ಅವನು ದಿಂಬಿಗೆ ಒರಗಿ ಕೂತಿದ್ದ. ಹಿಲ್ಡಾ ತಂದಿದ್ದ ಕಸ್ಟರ್ಡನ್ನು ಎರಡು ಚಮಚ ತಿಂದು ತಲೆಯಾಡಿಸಿದ.

“ಗುರುವಾರ ವಿಲ್ಫ್ ಬರ್ತಾನಂತೆ.”

“ಬರಲಿ.”

“ಅವನಿಗೆ ಹೇಳ್ತೀನಿ, ಹಿಲ್ಡಾ.”

ಅವಳು ಬಟ್ಟಲಿನ ಅಂಚಿಗೆ ಅಂಟಿದ್ದನ್ನು ಚಮಚದಿಂದ ಕೆರೆದು ಒಟ್ಟು ಮಾಡಿದಳು. “ಈ ಮಾತು ಬಹಳ ಸಲ ಕೇಳಿದೀನಿ, ನಾರ್ಮನ್.”

“ಆಗೆಲ್ಲ ನನ್ನ ಹತ್ರ ಟೈಮಿತ್ತು.”

ಅದು ತಮಾಷೆಯೇ. ಅವನು ಎಂದೂ ನಗುತ್ತಿರಲಿಲ್ಲ, ಆಗಲೂ ನಗಲಿಲ್ಲ.

ಗುರುವಾರ ವಿಲ್ಫ್ ಬಂದು ಒಂದು ಗಂಟೆ ಕೂತು ಹೋದನೆಂದು ನರ್ಸ್ ಹೇಳಿದ್ದಳು. ಶನಿವಾರ ಬೆಳಗ್ಗೆ ನಾರ್ಮನ್ ತೀರಿಕೊಂಡ. ಆ ಒಂದು ಗಂಟೆಯಲ್ಲಿ ಮಾತು ಬಂತೇ, ಬರಲಿಲ್ಲವೇ, ಹಿಲ್ಡಾಳಿಗೆ ಹೇಳುವವರು ಯಾರೂ ಇರಲಿಲ್ಲ. ವಿಲ್ಫನ ಮುಖ ನೋಡಿಯೇ ತಿಳಿಯಬೇಕಿತ್ತು. ಅದಕ್ಕಾಗಿಯೇ ಅವಳು ಎರಡು ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು.

*

ವಿಲ್ಫ್ ಟ್ಯಾನ್ಸಿ ಒಳಗೆ ಬಂದಾಗ ಜನ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಎಂಬತ್ತಾರರ ಮುದುಕ, ಕೋಲು ಊರುವುದರಲ್ಲೂ ಒಂದು ಲಯವಿತ್ತು. ಕಂಬದ ಬಳಿ ಬಂದವನು ನಿಂತ. ನಲವತ್ತು ವರ್ಷ ಅವಳನ್ನು ಕಂಡಲ್ಲೆಲ್ಲ ಗೋಡೆಯ ಕಡೆ ಮುಖ ತಿರುಗಿಸಿದ್ದವನು ಅವಳನ್ನೇ ದಿಟ್ಟಿಸಿದ. ಹ್ಯಾಟನ್ನು ಒಂದಂಗುಲ ಎತ್ತಿ, ಇಳಿಸಿ, ಮುಂದೆ ಹೋದ.

ಹಿಲ್ಡಾ ಅವನ ಬೆನ್ನನ್ನೇ ನೋಡುತ್ತ ಕೂತಳು. ನಾರ್ಮನ್ ಹೇಳಿದ್ದಾನೆ, ಅಂದುಕೊಂಡಳು. ಕೊನೆಗೂ ಹೇಳಿದ್ದಾನೆ.

*

ಆಗ ಟೇಪು ಬಹಳ ದುಬಾರಿ. ಒಂದೊಂದು ಸುರುಳಿಯೂ ತಟ್ಟೆಯಷ್ಟು ಅಗಲ, ಕೂಸಿನಷ್ಟು ಭಾರ. ಕಪಾಟು ತುಂಬಿದಾಗ ಟೇಪು ವಿಭಾಗದವರು ಹಳೆಯ ಕಾರ್ಯಕ್ರಮಗಳ ಪಟ್ಟಿಯನ್ನು ಹಳದಿ ಚೀಟಿಯಲ್ಲಿ ಕಳಿಸುತ್ತಿದ್ದರು. ಮತ್ತೆ ಬೇಡವೆಂದು ನಿರ್ಮಾಪಕ ಸಹಿ ಮಾಡಿದರೆ ಅದನ್ನು ಅಳಿಸಿ ಅದರ ಮೇಲೆ ಕುದುರೆ ರೇಸನ್ನೋ ಅಡುಗೆ ಪಾಠವನ್ನೋ ಮುದ್ರಿಸುತ್ತಿದ್ದರು. ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ.

ಆ ಚೀಟಿ ಬಂದ ದಿನ ಒಂದು ಚರ್ಚಿನ ಸಭಾಂಗಣದಲ್ಲಿ ಹೊಸ ಸರಣಿಯ ಅಭ್ಯಾಸ ನಡೆದಿತ್ತು. ಬಾಗಿಲು, ಮೆಟ್ಟಿಲು, ಸೋಫಾ ಎಲ್ಲಿರಬೇಕೆಂದು ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿದ್ದರು. ನಾರ್ಮನ್ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ. ನೋಡಿದರೆ ನಟರ ಮುಖಕ್ಕೆ ಮರುಳಾಗುತ್ತೇವೆ, ಮಾತಿನಲ್ಲಿ ನಗು ಇದೆಯೋ ಇಲ್ಲವೋ ಕಿವಿಗೇ ಗೊತ್ತು ಎನ್ನುವುದು ಅವನ ಪದ್ಧತಿ. ಹಿಲ್ಡಾ ಸಹಿಗೆಂದು ಕಾಗದಗಳನ್ನು ಅವನ ತೊಡೆಯ ಮೇಲಿಟ್ಟಳು. ಹಳದಿ ಚೀಟಿಯ ಬಳಿ ಬಂದಾಗ ಅವಳ ಕೈ ನಿಂತಿತು.

“ಇದರಲ್ಲಿ ‘ಸೋಮವಾರದ ಬಟ್ಟೆ’ ಪೂರ್ತಿ ಇದೆ.”

ಅವನು ಒಂದು ಕಣ್ಣು ತೆರೆದ. “ಮುಗಿದು ಎರಡು ವರ್ಷ ಆಯ್ತಲ್ಲ.”

“ಒಂದೆರಡಾದ್ರೂ ಇಟ್ಕೊಳ್ಳೋಣ್ವ?”

“ನಗು ಹಾಲಿದ್ದ ಹಾಗೆ ಕಣೇ. ಅವತ್ತಿಂದು ಅವತ್ತಿಗೆ. ಯಾರು ಎರಡು ಸಲ ನೋಡ್ತಾರೆ?”

ಎರಡು ಅಕ್ಷರದ ಸಹಿ ಹಾಕಿ ಕಣ್ಣು ಮುಚ್ಚಿದ. ಅವನ ಮಾತಿನಲ್ಲಿ ದುರಹಂಕಾರ ಇರಲಿಲ್ಲ. ತನ್ನ ಕೆಲಸದ ಬಗ್ಗೆ ಅವನು ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದ. ಹಿಲ್ಡಾ ಚೀಟಿಯನ್ನು ಟೇಪು ವಿಭಾಗಕ್ಕೆ ತಲುಪಿಸಿ, ದಾರಿಯಲ್ಲಿ ಅವನಿಗೊಂದು ಬನ್ ತಂದಳು.

ಆ ನವೆಂಬರಿನಲ್ಲಿ ಸಿಸಿ ಸತ್ತಳು. ಮಾರ್ಚಿನಲ್ಲಿ ವಿಲ್ಫ್ ಕಚೇರಿಗೆ ಬಂದು, ಹ್ಯಾಟನ್ನು ಎದೆಗೆ ಒತ್ತಿಕೊಂಡು ನಿಂತ.

“ಯಾವುದಾದರೂ ಮೂಲೆ ಕೋಣೇಲಿ ಒಂದು ಸಲ ತೋರಿಸು ಸಾಕು, ನಾರ್ಮನ್. ಅವಳು ಷರಟು ಮಡಿಸ್ತಾ ನನಗೆ ಬೈಯೋದಿದೆಯಲ್ಲ, ಅದಷ್ಟೇ.”

“ಹಿಲ್ಡಾ ಹುಡುಕ್ತಾಳೆ” ಎಂದ ನಾರ್ಮನ್, ಕಿಟಕಿಯ ಕಡೆ ನೋಡುತ್ತ. ಆಮೇಲೆ ಅವಳ ಹಿಂದೆಯೇ ಓಣಿಗೆ ಬಂದ. ಮುಖ ಬಿಳಿಚಿಕೊಂಡಿತ್ತು.

“ತಪ್ಪಾಗಿ ನೀನು ಅಳಿಸೋ ಪಟ್ಟಿಗೆ ಸೇರಿಸಿದೆ ಅಂತ ಹೇಳು. ಏಳೇ ಏಳು ವಾರ. ಅವನು ನಟಿಸ್ತಿರೋ ಈ ಸರಣಿ ಮುಗೀಲಿ, ನಾನೇ ನಿಜ ಹೇಳ್ತೀನಿ. ನಾನು ಅಂತ ಗೊತ್ತಾದ್ರೆ ಅವನು ನಾಳೆ ಸ್ಟುಡಿಯೋ ಹೊಸ್ತಿಲು ತುಳಿಯಲ್ಲ. ಅರವತ್ತು ಜನ ಕೆಲಸ ಕಳ್ಕೊಂಡು ಮನೆಗೆ ಹೋಗ್ತಾರೆ, ಹಿಲ್ಡಾ.”

ಅವಳಿಗೆ ಆಗ ಮೂವತ್ತು. ಆ ಬೇಸಿಗೆಯಲ್ಲಿ ಅವಳನ್ನು ನಿರ್ದೇಶಕಿಯಾಗಿ ತರಬೇತಿಗೆ ತೆಗೆದುಕೊಳ್ಳುವ ಮಾತಿತ್ತು. ಏಳು ವಾರ ತಾನೆ, ಅಂದುಕೊಂಡು ಒಳಗೆ ಹೋಗಿ ಹೇಳಿದಳು. ವಿಲ್ಫ್ ಅರಚಲಿಲ್ಲ. ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಹ್ಯಾಟು ಹಾಕಿಕೊಂಡು ಹೋದ.

ತರಬೇತಿಗೆ ಬೇರೆಯವರು ಹೋದರು. ಟೇಪು ಕಳೆದವಳ ಕೈಗೆ ಕ್ಯಾಮೆರಾ ಕೊಡುವುದು ಹೇಗೆ ಎಂದು ಯಾರೋ ಸಭೆಯಲ್ಲಿ ಕೇಳಿದರಂತೆ. ನಾರ್ಮನ್ ಆ ಸಭೆಯಲ್ಲಿದ್ದ. ಅವಳು ಗಡಿಯಾರ ಹಿಡಿದೇ ನಿವೃತ್ತಳಾದಳು.

*

“ಇವನು ಓಲ್ಡಮ್ ಊರಿನ ನೇಯ್ಗೆ ಗಿರಣಿ ಕೆಲಸಗಾರರ ಮಗ” ಎಂದು ವಿಲ್ಫ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಶುರು ಮಾಡಿದ. “ಕಾರ್ಮಿಕರ ಕ್ಲಬ್ಬಿನ ಬಾಗಿಲಲ್ಲಿ ಟಿಕೆಟ್ ಹರೀತಿದ್ದ. ಯಾವ ಹಾಸ್ಯಗಾರನಿಗೆ ಜನ ಬಿಯರ್ ಲೋಟ ಎಸೀತಾರೆ ಅನ್ನೋದನ್ನ ಅಲ್ಲೇ ಕಲಿತದ್ದು. ನನಗೆ ಎಸೆದಾಗ ಇವನೇ ಹೆಕ್ಕಿಕೊಟ್ಟ.”

ಜನ ನಕ್ಕರು.

“ಮೂವತ್ತು ವರ್ಷ ದೇಶಾನ ನಗಿಸಿದ. ನಾನು ಮಾತ್ರ ಇವನ ಹಲ್ಲು ನೋಡಿಲ್ಲ. ಇವತ್ತು ನೋಡೋಣ ಅಂದ್ರೆ ಮುಚ್ಚಳ ಹಾಕಿಬಿಟ್ಟಿದಾರೆ.”

ಗಿಲಿಯನ್ ಕೂಡ ಕರವಸ್ತ್ರದೊಳಗೆ ನಕ್ಕಳು. ವಿಲ್ಫ್ ದನಿ ಇಳಿಸಿದ. ಕೊನೆಯ ಸರಣಿಯನ್ನು ಎರಡೇ ವಾರಕ್ಕೆ ನಿಲ್ಲಿಸಿದ್ದು, ಐವತ್ತೆಂಟಕ್ಕೆ ಇವನ ಕೋಣೆಯನ್ನು ಬೇರೆಯವರಿಗೆ ಕೊಟ್ಟದ್ದು, ಆಮೇಲಿನ ವರ್ಷಗಳಲ್ಲಿ ಫೋನು ರಿಂಗಾದರೆ ಇವನು ಎದ್ದು ಟೈ ಸರಿಮಾಡಿಕೊಂಡು ಎತ್ತುತ್ತಿದ್ದದ್ದು, ಎಲ್ಲ ಹೇಳಿದ. “ನೂರಕ್ಕೆ ತೊಂಬತ್ತು ತಪ್ಪು ನಂಬರು” ಎಂದ. ಯಾರೂ ನಗಲಿಲ್ಲ, ಅವನು ನಗಿಸಲು ಹೇಳಿರಲೂ ಇಲ್ಲ.

ಈಗ ಹೇಳುತ್ತಾನೆ, ಎಂದು ಹಿಲ್ಡಾ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು.

“ಮತ್ತೆ ನನ್ನ ಸಿಸಿ” ಎಂದ ವಿಲ್ಫ್. “ಇಪ್ಪತ್ತು ವರ್ಷ ನನ್ನ ಷರಟು ಒಗೆದ್ಲು, ಒಂದು ಕಲೆನೂ ಹೋಗ್ಲಿಲ್ಲ. ಇವನ ಆಫೀಸಲ್ಲಿ ಒಬ್ಬ ಹುಡುಗಿ ಇದ್ಲು ನೋಡಿ, ಒಂದೇ ಮಧ್ಯಾಹ್ನಕ್ಕೆ ಸಿಸಿನೇ ತೊಳೆದು ತೆಗೆದುಬಿಟ್ಲು.”

ಆ ಹೊತ್ತಿನ ದೊಡ್ಡ ನಗು ಅದೇ. ಗೊತ್ತಿದ್ದವರು ಕಂಬದ ಕಡೆ ತಿರುಗಿದರು, ಗೊತ್ತಿಲ್ಲದವರು ತಿರುಗಿದವರನ್ನು ಕೇಳಿ ತಾವೂ ತಿರುಗಿದರು. ಹಿಲ್ಡಾ ಮಂಡಿಯ ಮೇಲಿದ್ದ ಸ್ತೋತ್ರದ ಹಾಳೆಯನ್ನು ನೋಡುತ್ತ ಕೂತಳು. ಹೇಳಿಲ್ಲ. ನಾರ್ಮನ್ ಹೇಳದೆಯೇ ಹೋದ. ದಹನಕ್ಕೆ ಮುನ್ನ ಪೆಟ್ಟಿಗೆಯ ಸುತ್ತ ಪರದೆ ಮುಚ್ಚಿಕೊಂಡಾಗ ಎಲ್ಲರೂ ಎದ್ದರು. ಅವಳು ಏಳುವುದು ತುಸು ತಡವಾಯಿತು.

*

ಚಹಾ ಪಕ್ಕದ ಕೋಣೆಯಲ್ಲಿತ್ತು. ಮೊಟ್ಟೆಯ ಸ್ಯಾಂಡ್‌ವಿಚ್ಚು, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಅಂಚು ಒಣಗಿದ ಹಣ್ಣಿನ ಕೇಕು. ಕನ್ನಡಕದ ಒಬ್ಬ ಯುವ ಬರಹಗಾರ್ತಿ ತಟ್ಟೆ ಹಿಡಿದು ಹತ್ತಿರ ಬಂದಳು.

“ನೀವೇನಾ ಆ ಹುಡುಗಿ?”

“ಸ್ವಲ್ಪ ಹಳಬಳಾಗಿದೀನಿ” ಎಂದಳು ಹಿಲ್ಡಾ.

“ಹಿಲ್ಡಾ, ಬಾ ಇಲ್ಲಿ.” ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ ವಿಲ್ಫ್ ಕೋಲಿನಿಂದ ಪಕ್ಕದ ಕುರ್ಚಿಯನ್ನು ತಟ್ಟಿ ತೋರಿಸಿದ. ಅವಳು ಹೋಗಿ ಕೂತಳು. ಇಬ್ಬರೂ ಸ್ವಲ್ಪ ಹೊತ್ತು ಚಹಾ ಕುಡಿದರು.

“ಗುರುವಾರ ಹೇಳಿದ ಅವನು” ಎಂದ ವಿಲ್ಫ್.

ಹಿಲ್ಡಾ ಬಟ್ಟಲನ್ನು ಸಾಸರಿನ ಮೇಲಿಟ್ಟಳು. “ಏನು ಹೇಳಿದ?”

“ಎಲ್ಲಾ. ಸಹಿ ತನ್ನದು ಅಂತ. ನೀನು ಇಟ್ಕೊಳ್ಳೋಣ ಅಂದಿದ್ದೆಯಂತೆ, ಅದನ್ನೂ ಹೇಳಿದ. ಅತ್ತ. ಅವನು ಅತ್ತದ್ದನ್ನ ನಾನು ಕಂಡದ್ದು ಅದೊಂದೇ ಸಲ.”

“ಮತ್ತೆ ಅಲ್ಲಿ ನಿಂತು ಹಾಗಂದೆಯಲ್ಲ?”

“ಅವನನ್ನೇ ಕೇಳಿದೆ. ‘ನಿನ್ನ ಅಂತ್ಯಕ್ರಿಯೆ ದಿನ ನಾನು ಆ ಮಾತು ಹೇಳಲೋ ಬೇಡವೋ’ ಅಂತ. ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಹೇಳಿಸಿಕೊಂಡು ಕೇಳಿದ, ಮೊದಲಿನ ಹಾಗೇ. ‘ಇರಲಿ ಬಿಡು ವಿಲ್ಫ್, ಅಲ್ಲಿ ನಗು ಇದೆ’ ಅಂದ.”

ಅದು ನಾರ್ಮನ್ನನದೇ ಮಾತು, ಸುಳ್ಳಿರಲು ಸಾಧ್ಯವಿರಲಿಲ್ಲ.

“ನಲವತ್ತು ವರ್ಷದಿಂದ ಹೇಳ್ತಾ ಬಂದಿದೀನಿ ಕಣೇ” ಎಂದ ವಿಲ್ಫ್, ಅವಳ ಕಡೆ ನೋಡದೆ. “ನನ್ನ ಬೇರೆ ಜೋಕು ಒಂದೂ ಈಗ ಓಡಲ್ಲ. ಸಿಸಿ ಹೆಸರು ಎತ್ತೋಕೆ ನನಗಿರೋದು ಅದೊಂದೇ. ಅವಳ ಹೆಸರು ಹೇಳಿದ್ರೆ ಜನ ಸುಮ್ಮನಾಗ್ತಾರೆ, ಆ ಮಾತು ಹೇಳಿದ್ರೆ ನಗ್ತಾರೆ.”

“ನನ್ನ ಹೆಸರು?”

“ನಾನು ಯಾವತ್ತೂ ನಿನ್ನ ಹೆಸರು ಹೇಳಿಲ್ಲವಲ್ಲ. ಹುಡುಗಿ ಅಂತ ಅಷ್ಟೇ.”

ಆಗ ಗಿಲಿಯನ್ ಕೇಕಿನ ತಟ್ಟೆ ಹಿಡಿದು ಬಂದಳು. ಇಬ್ಬರನ್ನೂ ಅಕ್ಕಪಕ್ಕ ಕಂಡು ಅವಳ ಕಣ್ಣು ತುಂಬಿತು.

“ಸದ್ಯ, ಇಬ್ಬರೂ ಮಾತಾಡಿದ್ರಲ್ಲ. ಅಪ್ಪ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರೋ. ಹಿಲ್ಡಾ ಆಂಟಿ, ಅಪ್ಪ ನಿಮ್ಮನ್ನ ಯಾವತ್ತೂ ದೂರಲಿಲ್ಲ, ಗೊತ್ತಾ? ‘ಪಾಪ, ಅವಳಿಗಿನ್ನೂ ಚಿಕ್ಕ ವಯಸ್ಸು, ಯಾರಿಗಾದ್ರೂ ಆಗಬಹುದಿತ್ತು’ ಅಂತಲೇ ನಮಗೆ ಹೇಳ್ತಿದ್ರು.”

ಮನೆಯಲ್ಲೂ. ಊಟದ ಮೇಜಿನಲ್ಲಿ, ಮಗುವಿನ ಮುಂದೆಯೂ. ಹಿಲ್ಡಾ ನಿಧಾನವಾಗಿ ಎದ್ದು ನಿಂತಳು.

“ಗಿಲಿಯನ್, ಆ ಟೇಪು ಅಳಿಸೋ ಚೀಟಿಗೆ ಸಹಿ ಹಾಕಿದ್ದು ನಿಮ್ಮಪ್ಪ. ನಾನು ಬೇಡ ಅಂದಿದ್ದೆ. ತಪ್ಪನ್ನ ನಿನ್ನ ಮೇಲೆ ಹಾಕ್ಕೋ ಅಂತ ನನ್ನ ಕೇಳಿಕೊಂಡದ್ದೂ ನಿಮ್ಮಪ್ಪನೇ.”

ಅವಳು ದನಿ ಏರಿಸಿರಲಿಲ್ಲ. ಆದರೂ ಹತ್ತಿರದ ನಾಲ್ಕಾರು ಜನ ಮಾತು ನಿಲ್ಲಿಸಿದರು. ಗಿಲಿಯನ್ನಳ ಕೈಯಲ್ಲಿ ತಟ್ಟೆ ಸ್ವಲ್ಪ ವಾಲಿ, ಕೇಕಿನ ಒಂದು ಚೂರು ಅಂಚಿಗೆ ಜಾರಿತು.

“ವಿಲ್ಫ್ ಅಂಕಲ್?” ಎಂದಳು.

ವಿಲ್ಫ್ ಟ್ಯಾನ್ಸಿಗೆ ಮೌನವನ್ನು ಎಷ್ಟು ಹೊತ್ತು ಹಿಡಿದಿಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಹಿಲ್ಡಾಳನ್ನು ನೋಡಿದ. ಗಿಲಿಯನ್ನಳ ಕಪ್ಪು ಉಡುಪನ್ನು, ಅವಳ ಕೆಂಪಾದ ಮೂಗನ್ನು ನೋಡಿದ. ಆಮೇಲೆ ಕೈ ಚಾಚಿ, ಜಾರುತ್ತಿದ್ದ ಕೇಕಿನ ಚೂರನ್ನು ಹಿಡಿದು ಬಾಯಿಗೆ ಹಾಕಿಕೊಂಡ.

“ನಿಮ್ಮಪ್ಪ ಒಳ್ಳೆಯವನು ಕಣಮ್ಮ” ಎಂದ, ಬಾಯಿ ತುಂಬ ಕೇಕಿದ್ದಂತೆಯೇ.

ಯಾರೋ ನಕ್ಕರು. ಗಿಲಿಯನ್ ಉಸಿರು ಬಿಟ್ಟಳು. “ಇವತ್ತು ಬೇಡ, ಹಿಲ್ಡಾ ಆಂಟಿ” ಎಂದಳು, ಕಾಯಿಲೆಯವರ ಜೊತೆ ಮಾತಾಡುವಷ್ಟು ಮೆತ್ತಗೆ. “ನಿಮಗೂ ಸುಸ್ತಾಗಿದೆ. ಯಾರಾದರೂ ಕಾರಲ್ಲಿ ಬಿಡ್ತಾರೆ, ಕೇಳ್ತೀನಿ ಇರಿ.”

“ಬಸ್ಸಿದೆ” ಎಂದಳು ಹಿಲ್ಡಾ.

ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದಳು. ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಮುಂದಿನ ಶವದ ಕಾರು ಆಗಲೇ ಬಂದು ನಿಂತಿತ್ತು. ಪರಿಚಯವಿಲ್ಲದ ಒಂದು ಮನೆಯವರು ಛತ್ರಿಗಳಡಿಯಲ್ಲಿ ಒತ್ತಾಗಿ ನಿಂತಿದ್ದರು. ಬಾಗಿಲ ಪಕ್ಕದ ಕಪ್ಪು ಹಲಗೆಯ ಮುಂದೆ ಅಲ್ಲಿನ ನೌಕರನೊಬ್ಬ ಡಬ್ಬಿಯೊಂದನ್ನು ಕಂಕುಳಲ್ಲಿಟ್ಟುಕೊಂಡು, ನಾರ್ಮನ್ ಆಶ್‌ವರ್ತ್ ಎಂಬ ಬಿಳಿ ಅಕ್ಷರಗಳನ್ನು ಉಗುರಿನಿಂದ ಒಂದೊಂದಾಗಿ ಕೀಳುತ್ತಿದ್ದ. ಕಿತ್ತದ್ದನ್ನು ಅಂಗಿಯ ತೋಳಿಗೆ ಒರೆಸಿ ಡಬ್ಬಿಗೆ ಹಾಕುತ್ತಿದ್ದ. ಹೆಸರೆಲ್ಲ ಹೋಗಿ ಹಲಗೆಯ ಮೇಲೆ ಸಮಯದ ಅಂಕಿಗಳಷ್ಟೇ ಉಳಿದಾಗ, ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ಓದಿಕೊಂಡು, ಅದೇ ಡಬ್ಬಿಗೆ ಕೈಹಾಕಿ ಮುಂದಿನವರ ಹೆಸರನ್ನು ಜೋಡಿಸತೊಡಗಿದ.