ಹತ್ತು ಗಂಟೆಯ ಹೂವು

ಬೋರ್ಡಿನ ಮೇಲೆ ಭತ್ತದ ಹೂವಿನ ಚಿತ್ರ ಬರೆಯುತ್ತಿದ್ದ ದುರ್ಗಾದೇವಿಯ ಕೈ ಅರ್ಧಕ್ಕೇ ನಿಂತುಬಿಟ್ಟಿತು. ಕಿಟಕಿಯಾಚೆ ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು. ಇಷ್ಟು ಬಿಸಿಲು ಬಿದ್ದರೆ ಸಾಕು, ಕಾಲುವೆಯ ಪಕ್ಕದ ಮಡಿಯಲ್ಲಿ ಹೂವುಗಳು ಇನ್ನೇನು ಬಾಯಿ ತೆರೆಯುತ್ತವೆ. ಭತ್ತದ ಹೂವು ಅರಳುವ ಸದ್ದು ಯಾರಿಗೂ ಕೇಳುವುದಿಲ್ಲ. ಅವಳಿಗೆ ಮಾತ್ರ ಚಾಕ್‌ಪೀಸ್ ಹಿಡಿದು ನಿಂತಲ್ಲೇ ಕೇಳಿದಂತಾಯಿತು.

"ಮುಂದ ಏನ್ರಿ ಮೇಡಂ?" ಎಂದಳು ಮುಂದಿನ ಬೆಂಚಿನ ಅಮೃತಾ.

"ಮುಂದಾ..." ಎಂದ ದುರ್ಗಾದೇವಿ ಮತ್ತೆ ಕಿಟಕಿಯತ್ತ ನೋಡಿದಳು.

ಇರಕಲ್ಲಗಡ ಊರಿನ ದುರ್ಗಾದೇವಿ ಗಂಗಾವತಿ ಹಾದಿಯ ಈ ಕೃಷಿ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹೋದ ತಿಂಗಳವರೆಗೆ ಸಂಶೋಧನಾ ಸಹಾಯಕಿ. ಉಪ್ಪೇರಿದ ಸವಳು ನೆಲದಲ್ಲೂ ಬೆಳೆಯುವ ಭತ್ತವನ್ನು ಹುಡುಕುವ ಯೋಜನೆಯೊಂದರಿಂದ ಅವಳಿಗೆ ಪಗಾರ ಬರುತ್ತಿತ್ತು, ಹಾಸ್ಟೆಲ್ಲಿನ ಊಟ ಅದರಲ್ಲೇ ನಡೆಯುತ್ತಿತ್ತು. ಮೊದಲ ಪಗಾರ ಬಂದಾಗ ಜೀವನವಿಡೀ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಚ್ಚಿದ ತಾಯಿ ಪಕ್ಕೀರವ್ವ ನಕ್ಕುಬಿಟ್ಟಿದ್ದಳು. "ಓದಾಕ ಪಗಾರ ಕೊಡ್ತಾರಂತ? ಎಂಥಾ ಹುಚ್ಚು ಮಂದಿ ಅದಾರವಾ. ಇರ್ಲಿ, ಅವ್ರಿಗೆ ಬುದ್ಧಿ ಬರೂದ್ರಾಗ ನೀ ಓದಿ ಮುಗಿಸಿಬಿಡು."

ಅವರಿಗೆ ಬುದ್ಧಿ ಬೇಗನೆ ಬಂತು. ಯೋಜನೆ ಮುಗಿಯಿತು, ಜೊತೆಗಿದ್ದವರು ಗಂಟು ಕಟ್ಟಿದರು. ಭತ್ತಕ್ಕೆ ಈ ಸುದ್ದಿಯನ್ನು ಯಾರು ಹೇಳಬೇಕು? ಅದು ತನ್ನ ಪಾಡಿಗೆ ತಾನು ತೆನೆಗೆ ಬಂದು ನಿಂತಿತ್ತು.

ಅವಳ ಗೈಡ್ ಪ್ರೊಫೆಸರ್ ಕೊಟ್ರಬಸಪ್ಪನವರು ಕೆಟ್ಟವರಲ್ಲ. ದೇವರಿಗೂ ಹೆದರದ ಆ ಮನುಷ್ಯ ಟೈಮ್‌ಟೇಬಲ್ಲಿಗೆ ಹೆದರುತ್ತಿದ್ದರು, ಅಷ್ಟೇ. ಕರೆದು ಕೂರಿಸಿ ಹೇಳಿದ್ದರು: "ನೋಡವಾ, ರಿಸರ್ಚಿನ ರೊಕ್ಕ ಮುಗೀತು. ಟೀಚಿಂಗ್ ಅಸಿಸ್ಟೆಂಟ್ ಅಂತ ಒಂದ ಕೆಲಸ ಐತಿ. ಡಿಪ್ಲೊಮಾ ಹುಡುಗೂರ್ಗೆ ದಿನಾ ಹತ್ತಕ್ಕ ಪಾಠ ಮಾಡು. ಈ ವರ್ಷ ಹೆಂಗೋ ದಾಟತೈತಿ."

"ಹತ್ತಕ್ಕ ಹೂ ಅರಳತೈತ್ರಿ ಸರ್."

"ಟೈಮ್‌ಟೇಬಲ್ ಹೂವಿನ್ನ ಕೇಳಿ ಮಾಡಿಲ್ಲವಾ."

"ಹುಡುಗೂರ್ನ ಹೊಲಕ್ಕ ಕರ್ಕೊಂಡು ಹೋಗ್ಲೇನ್ರಿ?"

"ಅದು ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಮಧ್ಯಾಹ್ನ ಐತಿ. ಹತ್ತಕ್ಕ ಖೋಲಿ ಖಾಲಿ ಕಂಡ್ರ ಆಫೀಸಿನವ್ರು ಈ ಕೆಲಸ ಬ್ಯಾರೆಯವ್ರಿಗೆ ಕೊಡ್ತಾರ. ಆಗ ನನ್ನ ಮಾತು ನಡಿಯೂದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಭತ್ತದ ಹೂವು ಮುಚ್ಚಿಕೊಂಡಿರುತ್ತದೆ. ಹೀಗಾಗಿ ಆ ಕಾಲೇಜಿನ ಹುಡುಗರು ಎಷ್ಟೋ ವರ್ಷಗಳಿಂದ ಮುಚ್ಚಿದ ಹೂವನ್ನೇ ನೋಡಿ, ಅರಳಿದ ಹೂವಿನ ಬಗ್ಗೆ ಬರೆದು, ಛಲೋ ಮಾರ್ಕು ತೆಗೆದುಕೊಂಡು ಹೋಗುತ್ತಿದ್ದರು.

ದುರ್ಗಾದೇವಿಯ ಕೆಲಸ ಎರಡು ತಳಿಗಳನ್ನು ಕೂಡಿಸುವುದು. ಒಂದು ತಳಿಯ ತೆನೆಗಳಲ್ಲಿನ ಗಂಡು ಕೇಸರಗಳನ್ನು ಸಣ್ಣ ಚಿಮುಟದಿಂದ ಕಿತ್ತು, ಕಾಗದದ ಚೀಲ ತೊಡಿಸಿ ಇಟ್ಟಿದ್ದಳು. ಇನ್ನೊಂದು ತಳಿಯ ಹೂವು ಅರಳಿದ ಗಳಿಗೆಯಲ್ಲಿ ಅದರ ಪರಾಗವನ್ನು ಇವುಗಳ ಮೇಲೆ ಉದುರಿಸಬೇಕು. ಪರಾಗ ಐದು ನಿಮಿಷ ಬದುಕಿದರೆ ಹೆಚ್ಚು. ಆ ಇನ್ನೊಂದು ತಳಿ ಕಾಲುವೆಯ ಕೊನೆಯ ಹೊಲದಲ್ಲಿ ಸಿಕ್ಕಿದ್ದು. ಉಪ್ಪು ಬೆಳ್ಳಗೆ ಎದ್ದು ಎಲ್ಲ ಸತ್ತ ನೆಲದಲ್ಲಿ ಹಸಿರಾಗಿ ಉಳಿದಿದ್ದ ನಾಲ್ಕು ಬುಡಗಳ ಸಂತಾನ. ನಿನ್ನೆ ಪಾಠ ಮುಗಿಸಿ ಓಡಿಹೋಗುವಷ್ಟರಲ್ಲಿ ಅದರ ಹೂವುಗಳೆಲ್ಲ ಮುಚ್ಚಿ, ಕೇಸರಗಳು ಒಣಗಿ ಜೋತುಬಿದ್ದಿದ್ದವು. ಬದುವಿನ ಮೇಲೆ ಕುಳಿತು ಅತ್ತಿದ್ದಳು. ಒಂದೇ ಒಂದು ತೆನೆಯ ಬುಡದಲ್ಲಿ ಇಷ್ಟು ಮೊಗ್ಗು ಉಳಿದಿತ್ತು, ಅದು ಅರಳುವುದು ಇವತ್ತು, ಈ ಹೊತ್ತಿಗೆ. ಇದು ಕೈತಪ್ಪಿದರೆ ಮುಂದಿನ ಹಂಗಾಮಿಗೆ ಕಾಯಬೇಕು. ಅಲ್ಲಿಯವರೆಗೆ ಅವಳನ್ನು ಯಾರು ಕಾಯುತ್ತಾರೆ?

"ಮೇಡಂ, ಆರಾಮಿಲ್ಲೇನ್ರಿ?" ಅಮೃತಾ ಮತ್ತೆ ಕೇಳಿದಳು.

ದುರ್ಗಾದೇವಿ ಚಾಕ್‌ಪೀಸ್ ಕೆಳಗಿಟ್ಟಳು. "ಚೀಲ ಇಲ್ಲೇ ಬಿಡ್ರಿ. ನನ್ನ ಹಿಂದ ಬರ್ರಿ."

"ಎಲ್ಲಿಗ್ರಿ?" ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಅಸ್ಲಮ ಕಣ್ಣುಜ್ಜಿಕೊಂಡ.

"ಹೂವಾ ನೋಡಾಕ."

ಕಾಲುವೆ ದಂಡೆಯ ಮೇಲೆ ಎಲ್ಲರೂ ಸಾಲಾಗಿ ನಡೆದರು. ನೀರಿನ ಮೇಲೆ ಇನ್ನೂ ಅಷ್ಟಿಷ್ಟು ಮಂಜಿತ್ತು. ಆಚೆ ದಡದ ಬಂಡೆಗುಡ್ಡಗಳು ಅರ್ಧ ಇದ್ದವು, ಅರ್ಧ ಇರಲಿಲ್ಲ. ಹೂವಿಗೆ ಬಂದ ಭತ್ತದ ವಾಸನೆ, ಬೇಯುತ್ತಿರುವ ಅನ್ನದ ವಾಸನೆಯ ಹತ್ತಿರದ್ದು, ಗದ್ದೆಯ ತುಂಬ ನಿಂತಿತ್ತು. ತಾನಿನ್ನೂ ಹಾಸ್ಟೆಲ್ಲಿನ ಮಂಚದ ಮೇಲೆ ಮಲಗಿದ್ದೇನೆ, ಇದೆಲ್ಲ ಬೆಳಗಿನ ಜಾವದ ಕನಸು ಎಂದು ದುರ್ಗಾದೇವಿಗೆ ಅನ್ನಿಸಿತು. ಎಚ್ಚರಾಗುವುದು ಬೇಡವಾಗಿತ್ತು.

ತೆನೆಯ ಬುಡದಲ್ಲಿ ಒಂದು ಮೊಗ್ಗಿನ ಹೊಟ್ಟು ಮೆಲ್ಲಗೆ ಬಿರಿಯಿತು. ಅದರ ಪಕ್ಕದ್ದೂ ಬಿರಿಯಿತು. ಒಳಗಿನಿಂದ ಕೇಸರಗಳು ಒಂದೊಂದಾಗಿ ಇಣುಕಿ, ತೂಗಿ, ಹೊರಗೆ ಬಂದವು.

"ಇಷ್ಟ ಸಣ್ಣದೇನ್ರಿ?" ಎಂದಳು ಅಮೃತಾ, ಪಿಸುಮಾತಿನಲ್ಲಿ. ಅವಳ ಅಪ್ಪನದು ಭತ್ತದ ಗದ್ದೆಯೇ. ಹೂವು ನೋಡಿದ್ದು ಇವತ್ತೇ.

ಆಗಲೇ ಕಾಲುವೆಯ ಕಡೆಯಿಂದ ಗಾಳಿ ಎದ್ದಿತು. ಪೈರು ಅಲ್ಲಾಡಿತು. ದುರ್ಗಾದೇವಿ ತೆನೆಗೆ ಕೈಯಡ್ಡ ಹಿಡಿದಳು. "ಗಾಳಿಗೆ ಅಡ್ಡ ನಿಂದರ್ರಿ. ಎಲ್ಲಾರೂ. ಒಬ್ರಿಗೊಬ್ರು ಹತ್ತಿ ನಿಂದರ್ರಿ."

ಬದುವಿನ ಮೇಲೆ ಭುಜಕ್ಕೆ ಭುಜ ಹಚ್ಚಿ ಗೋಡೆಯೊಂದು ನಿಂತಿತು. ಹುಡುಗಿಯರು ವೇಲು ಬಿಚ್ಚಿ ಹಿಡಿದರು. ದುರ್ಗಾದೇವಿ ಅರಳಿದ ತೆನೆಯನ್ನು ಕತ್ತರಿಸಿಕೊಂಡು, ಪಕ್ಕದ ತಳಿಯ ತೆನೆಗೆ ತೊಡಿಸಿದ್ದ ಕಾಗದದ ಚೀಲ ತೆಗೆಯಲು ಬಗ್ಗಿದಾಗ ಕೊಟ್ರಬಸಪ್ಪನವರ ದನಿ ಕೇಳಿಸಿತು.

"ದುರ್ಗಾದೇವಿ, ಏನವಾ ಇದು? ಖೋಲಿ ಖಾಲಿ ಐತಿ. ಆಫೀಸಿನವ್ರು ನೋಡಿ ಹೋಗ್ಯಾರ. ಅವ್ರಿಗೆ ನಾ ಏನಂತ ಹೇಳ್ಲಿ?"

ಅವಳು ಬಿಗಿಹಿಡಿದ ಉಸಿರನ್ನು ಬಿಟ್ಟು ಉತ್ತರ ಕೊಡುವಂತಿರಲಿಲ್ಲ, ಉಸಿರು ತಾಗಿದರೂ ಪರಾಗ ಹಾರಿಹೋಗುತ್ತದೆ. ತಲೆಯೆತ್ತಿ ನೋಡಿದಳಷ್ಟೆ. ಗೋಡೆಯ ತುದಿಯಿಂದ ಗಾಳಿ ಒಳಗೆ ನುಗ್ಗುತ್ತಲೇ ಇತ್ತು.

"ಸರ್," ಎಂದ ಅಸ್ಲಮ, ಮೆಲ್ಲಗೆ. "ಈ ಕಡೆ ಒಬ್ರು ಕಮ್ಮಿ ಬಿದ್ದಾರ್ರಿ."

ಕೊಟ್ರಬಸಪ್ಪನವರು ಕಾಲೇಜಿನ ಕಡೆ ತಿರುಗಿ ನೋಡಿದರು. ಅವಳ ಕೈಯಲ್ಲಿದ್ದ ತೆನೆಯನ್ನು ನೋಡಿದರು. ಆಮೇಲೆ ಬೂಟುಗಾಲಿನಲ್ಲೇ ಕೆಸರಿಗಿಳಿದು, ಸಾಲಿನ ತುದಿಗೆ ಹೋಗಿ, ಕೋಟಿನ ಎರಡೂ ಚುಂಗು ಹಿಡಿದು ಅಗಲಿಸಿ ನಿಂತರು.

ದುರ್ಗಾದೇವಿ ಚೀಲ ತೆಗೆದು, ಒಳಗಿದ್ದ ತೆನೆಯ ಮೇಲೆ ಕೈಯಲ್ಲಿದ್ದ ತೆನೆಯನ್ನು ಹಿಡಿದು ಬೆರಳಿನಿಂದ ತಟ್ಟಿದಳು. ಗಾಳಿಯಿಲ್ಲದ ಆ ಗೇಣು ಜಾಗದಲ್ಲಿ ತಿಳಿಹಳದಿ ಪುಡಿ ನೆಟ್ಟಗೆ ಕೆಳಗಿಳಿಯಿತು.