ಅಲ್ಲಾಡದ ಕುರ್ಚಿ

ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲುಗಳನ್ನು ಒಂದೊಂದಾಗಿ ಹಿಡಿದು ಅಲ್ಲಾಡಿಸಿದಳು. ಒಂದೂ ಅಲ್ಲಾಡಲಿಲ್ಲ. ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿದಳು. ಹುಳ ಕೊರೆದ ತೂತಿಲ್ಲ, ಬಿರುಕಿಲ್ಲ. ಮೊಸರಲ್ಲಿ ಕಲ್ಲು ಹುಡುಕಲೆಂದೇ ಕೂತವಳಿಗೆ ಕಲ್ಲು ಸಿಗದಿದ್ದರೆ ಮೈ ಉರಿಯದೆ ಇರುತ್ತದೆಯೇ?

ಹಳೆಯ ಮರದ ಸಾಮಾನು ಕೊಂಡು, ರಿಪೇರಿ ಮಾಡಿ, ಪಾಲಿಶ್ ಹೊಡೆದು ಫೋನಿನ ಆ್ಯಪ್ ಒಂದರಲ್ಲಿ ಮಾರುವುದು ಅವಳ ಕಸುಬು. ಪ್ರತಿ ಗೀರಿನ ಫೋಟೊವನ್ನೂ ತಪ್ಪದೆ ಹಾಕುವವಳು. ಈ ಕುರ್ಚಿಯ ಹಿಂದಿನ ಒಡೆಯ ಹೋದ ತಿಂಗಳು ಅವಳಿಂದ ಒಂದು ಬೀರು ಕೊಂಡಿದ್ದ. ಬಲಗಡೆಯ ಬಾಗಿಲು ಬಿಗಿ, ಎತ್ತಿ ತೆಗೆಯಬೇಕು ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ಓದಿದರೆ ತಾನೆ? ಬೀರು ಮನೆ ಸೇರಿದ್ದೇ ತಡ, ಫೋನ್ ಬಂತು.

"ಏನ್ರೀ, ಬಾಗಿಲು ತೆಗೆಯೋಕೇ ಬರ್ತಿಲ್ವಲ್ಲ."

"ಬರೆದಿದ್ದೆನಲ್ಲ ಸರ್. ಇಪ್ಪತ್ತು ವರ್ಷದ ಬೀರು ಅದು."

"ಹಳೇದಾದ್ರೇನು? ದುಡ್ಡು ಕೊಟ್ಟಮೇಲೆ ಹೊಸದರ ಥರ ಇರ್ಬೇಕಲ್ವಾ?"

ಹಳೆಯದರ ಬೆಲೆಗೆ ಹೊಸದು ಬೇಕಂತೆ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ, ಅವಳ ಹೆಸರಿನ ಕೆಳಗೆ ಎಲ್ಲರಿಗೂ ಕಾಣುವ ಹಾಗೆ 'ಮೋಸಗಾರ್ತಿ' ಎಂದು ಬರೆದ. ಅಂದಿನಿಂದ ಒಂದು ಸ್ಟೂಲು ಬೇಕೆಂದೂ ಯಾರೂ ಫೋನ್ ಮಾಡಿರಲಿಲ್ಲ.

ಅದಕ್ಕೇ, ಅವನು ಕುರ್ಚಿ ಮಾರಲಿಟ್ಟಿದ್ದನ್ನು ನೋಡಿದ ಕೂಡಲೇ ಗಂಡನ ಹೆಸರಿನಲ್ಲಿ ಕೊಂಡು ತರಿಸಿದ್ದಳು. ಒಂದೇ ಒಂದು ಹುಳುಕು ಸಿಗಲಿ, ಮುಯ್ಯಿ ತೀರಿಸಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದಳು. 'ಗಟ್ಟಿಮುಟ್ಟಾಗಿದೆ' ಎಂದು ಬರೆದಿದ್ದ. ಪಾಪಿ, ನಿಜವನ್ನೇ ಬರೆದಿದ್ದ.

ಸುಮ್ಮನೆ ಒಂದು ಸುಳ್ಳು ಬರೆಯಬಹುದಿತ್ತು. ಬೆರಳು ಏಳಲಿಲ್ಲ. ಸಾಮಾನಿನ ವಿಷಯದಲ್ಲಿ ಇಲ್ಲದ್ದನ್ನು ಒಂದಕ್ಷರ ಬರೆದವಳಲ್ಲ ಅವಳು. ಸ್ವಲ್ಪ ಹೊತ್ತು ಕುರ್ಚಿಯನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಎದ್ದು ಗರಗಸ ತಂದು, ಹಿಂದಿನ ಎಡಗಾಲಿನ ತುದಿಯಿಂದ ತೆಳ್ಳಗೆ ಒಂದು ಬಿಲ್ಲೆ ಕೊಯ್ದಳು. ನಿಲ್ಲಿಸಿ ಒತ್ತಿದಾಗ ಕುರ್ಚಿ ಟಕ್ಕೆಂದಿತು. 'ಗಟ್ಟಿಮುಟ್ಟು ಅಂದಿದ್ದರು, ಕುಂಟುತ್ತದೆ. ಮೋಸಗಾರ' ಎಂದು ಅವನ ಹೆಸರಿನ ಕೆಳಗೆ ಬರೆದಳು. ಹೊಟ್ಟೆ ತಣ್ಣಗಾಯಿತು.

ಸಂಜೆ ಕೆಲಸದಿಂದ ಬಂದ ಗಂಡ ಊಟಕ್ಕೆ ಅದರ ಮೇಲೇ ಕೂತ. ತುತ್ತಿಗೊಮ್ಮೆ ಟಕ್, ಟಕ್. ಎದ್ದು ಬಗ್ಗಿ ನೋಡಿದ.

"ಈ ಕಾಲು ಯಾರೋ ಬೇಕಂತಲೇ ಕೊಯ್ದಿದ್ದಾರೆ ಕಣೆ. ಎಂಥೆಂಥಾ ಜನ ಇರ್ತಾರೆ ನೋಡು. ನೀನಾಗಿದ್ರೆ ಇದರ ಫೋಟೊ ಮೊದಲೇ ಹಾಕಿರ್ತಿದ್ದೆ."

"ಹೂಂ. ಇನ್ನೊಂಚೂರು ಅನ್ನ ಹಾಕ್ಲಾ?"

ಬಡಿಸಲು ಮುಂದೆ ಬಂದವಳ ಕಣ್ಣಿಗೆ ಮೇಜಿನ ಕೆಳಗೆ ಬಿದ್ದಿದ್ದ ಮರದ ಬಿಲ್ಲೆ ಕಂಡಿತು. ಅದರ ಮೇಲೆ ಮೆಲ್ಲಗೆ ಪಾದವಿಟ್ಟಳು. ಅವನ ಊಟ ಮುಗಿಯುವವರೆಗೂ ಅಲ್ಲಾಡದೆ ಹಾಗೇ ನಿಂತಿದ್ದಳು.