ರಾವಸಾಹೇಬನ ವಾಡೆಯ ಇತಿಹಾಸ

“ಲೇ ಮುದಕಿ, ತಲಿ ಎತ್ತ. ಹೆಣಾ ಹೊತ್ತವ್ರಂಗ ನಿಂದ್ರಬ್ಯಾಡ,” ಎಂದು ರಾವಸಾಹೇಬ ನನ್ನವ್ವ ದುಂಡವ್ವನ ಗದ್ದ ಹಿಡಿದು ಎತ್ತಿದ.

ಕೃಷ್ಣೆಯ ದಂಡೆಯ ಅವನ ಕಲ್ಲಿನ ವಾಡೆ ಇನ್ನು ಲಾಡ್ಜ್ ಆಗುತ್ತದಂತೆ. ಪುಣೆಯ ಮಂದಿ ಬಂದು ಇಳಿಯಬೇಕಾದರೆ ಮನೆಗೊಂದು ಇತಿಹಾಸ ಬೇಕಂತೆ. ಅದನ್ನು ಅವನ ಮಗಳು ಸೀಮಾ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಮಹಾಪೂರ ಬಂದಾಗ ಈ ವಾಡೆ ಬಾಗಿಲು ತೆರೆದು ಕುರಿಗಾರರ ಜೀವ ಉಳಿಸಿತು ಎಂದು ಅವ್ವ ಹೇಳಬೇಕು. ಹೇಳಿದರೆ, ದ್ರಾಕ್ಷಿ ತೋಟಕ್ಕೆ ನುಗ್ಗಿದವೆಂದು ಅವನು ಹಿತ್ತಲಲ್ಲಿ ಕೂಡಿಹಾಕಿದ್ದ ನಮ್ಮ ನಲವತ್ತು ಕುರಿಗಳನ್ನು ಬಿಡುತ್ತಾನೆ. ಮೂರು ದಿನದಿಂದ ನೀರಿಲ್ಲದೆ ಅವು ಒದರುತ್ತಿದ್ದವು. ನಾಚಿಕೆ ಬಿಟ್ಟು “ಹೇಳಿಬಿಡವಾ” ಎಂದವನು ನಾನೇ.

ಅಷ್ಟರಲ್ಲಿ ರಾವಸಾಹೇಬನಿಗೆ ಶೋಕಿ ಹತ್ತಿತು.

“ತಡಿ. ಕುರಿ ಕಾಯೂ ಧನಗರ ಮುದಕಿ ಅನ್ನೂದು ಕಾಣಬೇಕಲಾ. ಕೈಯಾಗ ಭಂಡಾರ ಹಿಡಕೊಂಡ ಹೇಳ್ಲಿ.”

ಭಂಡಾರ ನಮ್ಮ ದೇವರ ಅರಿಷಿಣ. ಅದನ್ನು ಹಿಡಿದು ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಅವ್ವ ಕೈ ಹಿಂದೆ ಮಾಡಿದಳು.

“ನೀವ್ ಹೇಳಿದಂಗ ಹೇಳ್ತೇನ್ರಿ ಸಾವಕಾರ್ರ. ಇದೊಂದ ಬ್ಯಾಡ್ರಿ.”

“ನನಗ ಕಲಸ್ತೀಯೇನ ರಂಡಿ?” ಕಪಾಳಕ್ಕೆ ಬಾರಿಸಿ, ಅವಳ ಸೊಂಟದ ಚೀಲ ಕಿತ್ತು, ಮುಷ್ಟಿಗೆ ಭಂಡಾರ ತುರುಕಿದ.

ಅವ್ವ ಮುಷ್ಟಿ ನೋಡಿದಳು. ಹಿತ್ತಲ ಕಡೆ ನೋಡಿದಳು.

“ಈ ಕಲ್ಲ ಗುಡ್ಡದಿಂದ ಹೊತ್ತ ತಂದಾವ್ರು ನಮ್ಮ ಮಾವನ ಅಪ್ಪ-ಅಜ್ಜಗೋಳು. ನುಚ್ಚ ಹಾಕಿದ್ರು, ಕೂಲಿ ಕೊಡಲಿಲ್ಲ. ಮಹಾಪೂರದಾಗ ನನ್ನ ಗಂಡ ಜಕ್ಕಪ್ಪ ಈ ಕಿಡಕಿ ಸರಳ ಹಿಡದ ಜೋತಬಿದ್ದಿದ್ದ. ಕುರಿನಾತ ಒಳಗ ಬ್ಯಾಡ ಅಂದ ಈ ರಾವಸಾಹೇಬ ಒನಕಿಲೆ ಅವನ ಕೈ ಜಜ್ಜಿದ. ಎಲುವು ಮುರದ ಮ್ಯಾಲೆ ಅಂವ ಕೈ ಬಿಟ್ಟ. ಹೊಳಿ ಒಯ್ತು.”

“ಬಂದ್ ಮಾಡ ಸೀಮಾ.”

ರಾವಸಾಹೇಬ ಅವ್ವನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ನಾನು ಅವನ ಕುತ್ತಿಗೆಗೆ ಕೈ ಹಾಕಿದೆ. ಆಳು ಸತ್ಯಪ್ಪ ಸಲಿಕೆಯಿಂದ ನನ್ನ ಮೊಣಕಾಲು ಮುರಿದ. ಸೀಮಾ ಮಾತ್ರ ಮೊಬೈಲ್ ಕೆಳಗಿಳಿಸಲಿಲ್ಲ.

“ಸತ್ಯಪ್ಪಾ, ಹಿತ್ತಲಕ ಹೋಗ. ಈಕಿ ಬಾಯಿ ಮುಚ್ಚೂತನ ಒಂದೊಂದ ಕೊಯ್ಯ.”

ಒಂದು ಕುರಿ ಒದರಿ ತಟ್ಟನೆ ಸುಮ್ಮನಾಯಿತು. ನಾನು ನೆಲದ ಮೇಲೆ ಬಿದ್ದು ಅಳುತ್ತಿದ್ದೆ. “ಸಾಕ ಮಾಡವಾ” ಎಂದೆ.

ಅವ್ವ ರಕ್ತ ಉಗುಳಿದಳು. ಮುಷ್ಟಿ ಬಿಚ್ಚಲಿಲ್ಲ.

“ತಂಗೀ, ಮೊಬೈಲ ಹಂಗ ಹಿಡಿ. ಅವತ್ತ ಈ ಬಾಗಲದಾಗ ಸತ್ತಾವ್ರ ಹೆಸರ ಇನ್ನಾ ಹೇಳೂದ ಐತಿ. ತುಳಸವ್ವ. ಆಕಿ ಬಸರಿದ್ಲು.”

ಹಿತ್ತಲಲ್ಲಿ ಮತ್ತೊಂದು ಕುರಿ ಒದರಿತು. ಅವ್ವ ಮುಂದಿನ ಹೆಸರು ಹೇಳಿದಳು.